ಅರಿವಿ ಎಲ್ಲೈತಿ?

ನಮ್ಮಪ್ಪ 38 ವರ್ಷ ಗದಗಿನ ಒಂದು ಅರಿವಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಹೋದ ಬೇಸಿಗೆಯಲ್ಲಿ ಮೂರು ತಿಂಗಳಿಗೆಂದು ನಮ್ಮಲ್ಲಿಗೆ, ಆಮ್‌ಸ್ಟರ್‌ಡಾಮಿನ ಪಕ್ಕದ ಆಮ್‌ಸ್ಟಲ್‌ವೇನ್‌ಗೆ ಬಂದಿದ್ದ. ಮೊದಲ ವಾರ ಕಾಲುವೆ ನೋಡಿದೆವು, ಎರಡನೇ ವಾರ ಗಾಳಿಗಿರಣಿ, ಮೂರನೇ ವಾರ ಮನೆಯಲ್ಲೇ ಕೂತು ಮಳೆ. ನಾಲ್ಕನೇ ವಾರಕ್ಕೆ ರೈಕ್ಸ್‌ಮ್ಯೂಸಿಯಂಗೆ ಕರೆದುಕೊಂಡು ಹೋದೆ.

ಡಚ್ ಚಿತ್ರಕಾರ ರೆಂಬ್ರಾಂಟನ ‘ರಾತ್ರಿ ಪಹರೆ’ಯ ಮುಂದೆ ಜಾತ್ರೆ. ಅಪ್ಪನಿಗೆ ಜಾತ್ರೆ ಹೊಸದಲ್ಲ, ಆದರೆ ಮೊಣಕಾಲು ಕೇಳಬೇಕಲ್ಲ. ಅಲ್ಲಿಂದ ಸ್ವಲ್ಪ ಈಚೆಗೆ ಬಂದು ಬೆಂಚಿನ ಮೇಲೆ ಕೂತೆವು. ಎದುರಿಗೆ ಇನ್ನೊಂದು ರೆಂಬ್ರಾಂಟ್. ಕಪ್ಪು ಉಡುಪು, ಬಿಳಿ ಕೊರಳಪಟ್ಟಿ, ಅಗಲ ಅಂಚಿನ ಕಪ್ಪು ಟೋಪಿಯ ಐದು ಜನ. ಅವರ ಹಿಂದೆ ಟೋಪಿಯಿಲ್ಲದ ಒಬ್ಬ. ಕೆಂಪು ರತ್ನಗಂಬಳಿ ಹಾಸಿದ ಮೇಜು, ಅದರ ಮೇಲೆ ತೆರೆದಿಟ್ಟ ದಪ್ಪನೆಯ ಪುಸ್ತಕ. ಕೈಯಲ್ಲಿದ್ದ ಕೆಲಸ ಬಿಟ್ಟು ಈಗಷ್ಟೇ ತಲೆಯೆತ್ತಿದ ಹಾಗೆ ಎಲ್ಲರೂ ಈ ಕಡೆ ನೋಡುತ್ತಿದ್ದರು.

“ಯಾರಿವ್ರು?” ಅಂದ ಅಪ್ಪ.

“ಅರಿವಿ ಪರೀಕ್ಷೆ ಮಾಡೋ ಮಂದಿ. ಬಣ್ಣ ಹಾಕಿದ ಉಣ್ಣಿ ಅರಿವಿ ನೋಡಿ, ಇದು ಪಕ್ಕಾ, ಇದು ಕಚ್ಚಾ ಅಂತ ಶಿಕ್ಕಾ ಹೊಡೀತಿದ್ರು.”

ಅಪ್ಪ ಎದ್ದುಹೋದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ನೋಡಿದ. ಕಾವಲಿಗಿದ್ದ ಹುಡುಗಿ ಎರಡು ಹೆಜ್ಜೆ ಮುಂದೆ ಬರುವಷ್ಟು ಹತ್ತಿರ ಬಗ್ಗಿದ. ತಿರುಗಿ ಬಂದು ಕೇಳಿದ: “ಅರಿವಿ ಎಲ್ಲೈತಿ?”

ಏಳು ವರ್ಷದಿಂದ ಇಲ್ಲಿದ್ದೇನೆ. ಊರಿಂದ ಯಾರೇ ಬಂದರೂ ಈ ಚಿತ್ರ ತೋರಿಸಿದ್ದೇನೆ. ಅದರಲ್ಲಿ ಮಾರುವ ಬಟ್ಟೆ ಒಂದು ಗೇಣೂ ಇಲ್ಲ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

1662ರ ಈ ಚಿತ್ರವನ್ನು ಡಚ್ಚರು ‘ಡೆ ಸ್ಟಾಲ್‌ಮೇಸ್ಟರ್ಸ್’ ಅನ್ನುತ್ತಾರೆ. ಭಾಷೆ ಕಲಿಯುವ ಹೊಸದರಲ್ಲಿ ನಾನದನ್ನು ‘ಉಕ್ಕಿನ ಮೇಸ್ತ್ರಿಗಳು’ ಎಂದು ಓದಿಕೊಂಡು, ಈ ರೇಷ್ಮೆ ಮುಖದವರು ಯಾವ ಕುಲುಮೆಯಲ್ಲಿ ಕೆಲಸ ಮಾಡಿಯಾರು ಎಂದು ಆಶ್ಚರ್ಯಪಟ್ಟಿದ್ದೆ. ‘ಸ್ಟಾಲ್’ ಅಂದರೆ ಉಕ್ಕು ಹೌದು. ಮಾದರಿ ತುಣುಕು, ಸ್ಯಾಂಪಲ್ ಅಂತಲೂ ಅರ್ಥವಿದೆ, ಇಲ್ಲಿ ಆ ಅರ್ಥ. ಮೇಸ್ತ್ರಿ ಅಂದುಕೊಂಡದ್ದು ಮಾತ್ರ ಸರಿಯೇ ಇತ್ತು. ನಮ್ಮ ಮೇಸ್ತ್ರಿ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದವನು, ಇವರ ‘ಮೇಸ್ಟರ್’ ಕೂಡ ಅದೇ ಲ್ಯಾಟಿನ್ ಬೇರಿನವನು. ದಾಯಾದಿಗಳು.

ಈ ಸ್ಯಾಂಪಲ್ ಮೇಸ್ತ್ರಿಗಳನ್ನು ಆಮ್‌ಸ್ಟರ್‌ಡಾಮಿನ ನಗರಾಧ್ಯಕ್ಷರು ಒಂದು ವರ್ಷದ ಅವಧಿಗೆ ನೇಮಿಸುತ್ತಿದ್ದರು. ಗುಡ್ ಫ್ರೈಡೇಯಿಂದ ಅಧಿಕಾರ ಶುರು. ಎಲ್ಲರೂ ಸ್ವತಃ ಬಟ್ಟೆ ವ್ಯಾಪಾರಿಗಳು. ಸ್ಟಾಲ್‌ಸ್ಟ್ರಾಟ್ ಬೀದಿಯ ಸ್ಟಾಲ್‌ಹೋಫ್ ಕಟ್ಟಡದಲ್ಲಿ ವಾರಕ್ಕೆ ಮೂರು ಸಲ ಸೇರಿ, ನೀಲಿ ಮತ್ತು ಕಪ್ಪು ಬಣ್ಣ ಹಾಕಿದ ಉಣ್ಣೆ ಬಟ್ಟೆಯನ್ನು ಮಾದರಿಯ ಪಕ್ಕ ಹಿಡಿದು ನೋಡುವುದು ಅವರ ಕೆಲಸ. ಪಾಸಾದರೆ ದುಡ್ಡಿನಗಲದ ಸೀಸದ ಬಿಲ್ಲೆಯನ್ನು ಬಟ್ಟೆಗೆ ಸಿಕ್ಕಿಸಿ ಇಕ್ಕಳದಿಂದ ಒತ್ತುತ್ತಿದ್ದರು. ಬಿಲ್ಲೆಯ ಒಂದು ಮುಖದಲ್ಲಿ ನಗರದ ಮುದ್ರೆ, ಇನ್ನೊಂದರಲ್ಲಿ ಗಿಲ್ಡ್‌ನದು. ಗಿಲ್ಡ್ ಅಂದರೆ ಒಂದು ಕಸುಬಿನವರ ಸಂಘ. ಅದರ ಸದಸ್ಯರಾಗದೆ ಊರಲ್ಲಿ ಆ ಕಸುಬು ಮಾಡುವ ಹಾಗಿಲ್ಲ. ಗುಣಮಟ್ಟದಲ್ಲಿ ನಾಲ್ಕು ದರ್ಜೆ: ಅತ್ಯುತ್ತಮಕ್ಕೆ ನಾಲ್ಕು ಮುದ್ರೆ, ಹೇಗೋ ದಾಟಿದ್ದಕ್ಕೆ ಒಂದು.

ಶಾಲೆಯ ಗ್ರೂಪ್ ಫೋಟೋದ ಕೆಳಗೆ ಬರೆಯುವ ಹಾಗೆ ಬರೆದರೆ, ಎಡದಿಂದ ಬಲಕ್ಕೆ: ಯಾಕೋಬ್ ವಾನ್ ಲೋನ್, ಫೋಲ್ಕರ್ಟ್ ಯಾನ್ಸ್, ವಿಲೆಮ್ ವಾನ್ ಡೋಯೆನ್‌ಬರ್ಗ್ (ಅಧ್ಯಕ್ಷರು), ಆರ್ನೌಟ್ ವಾನ್ ಡೆರ್ ಮೈಯೆ, ಯೋಖೆಮ್ ಡೆ ನೇವ್. ನಿಂತವರು: ಫ್ರಾನ್ಸ್ ಹೆಂಡ್ರಿಕ್ಸ್ ಬೆಲ್, ಜವಾನ. ಈ ಶೀರ್ಷಿಕೆಗೆ ಸಿಗದೆ ತಪ್ಪಿಸಿಕೊಳ್ಳುವವನು ಫೋಲ್ಕರ್ಟ್ ಯಾನ್ಸ್ ಒಬ್ಬನೇ. ಅವನು ಕೂತಿಲ್ಲ, ನಿಂತೂ ಇಲ್ಲ. ಪುಸ್ತಕದ ಮೇಲೊಂದು ಕೈ ಊರಿ ಅರ್ಧ ಎದ್ದಿದ್ದಾನೆ. ಈ ಹೆಸರುಗಳೂ ಬಹುಕಾಲ ಕಳೆದುಹೋಗಿದ್ದವು. 1950ರ ದಶಕದಲ್ಲಿ ಆಮ್‌ಸ್ಟರ್‌ಡಾಮ್ ದಫ್ತರದ ಇಸಾಬೆಲ್ಲಾ ವಾನ್ ಏಘೆನ್ ಹಳೆಯ ಕಾಗದಪತ್ರ ಕೆದಕಿ ಯಾವ ಮುಖ ಯಾರದು ಎಂದು ಗೊತ್ತುಹಚ್ಚಿದರು.

ಹೆಸರಿನ ಜೊತೆ ಅವರ ಧರ್ಮವೂ ತಿಳಿದುಬಂತು. ವಾನ್ ಲೋನ್, ವಾನ್ ಡೆರ್ ಮೈಯೆ ಕ್ಯಾಥೊಲಿಕರು, ಯಾನ್ಸ್ ಮೆನೊನೈಟ್, ಡೆ ನೇವ್ ರೆಮೊನ್‌ಸ್ಟ್ರಂಟ್ (ಎರಡೂ ಪ್ರಾಟೆಸ್ಟಂಟರ ಚಿಕ್ಕ ಪಂಗಡಗಳು), ಅಧ್ಯಕ್ಷರು ಮಾತ್ರ ಊರಿನ ಅಧಿಕೃತ ಕ್ಯಾಲ್ವಿನ್ ಪಂಥದವರು. ಆಗ ಕ್ಯಾಥೊಲಿಕರು ಬಹಿರಂಗವಾಗಿ ಪೂಜೆ ಮಾಡುವ ಹಾಗಿರಲಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1661ರಿಂದ 1663ರ ನಡುವೆ, ಯಾನ್ ಹಾರ್ಟ್‌ಮನ್ ಎಂಬ ವ್ಯಾಪಾರಿ ಕಾಲುವೆ ದಂಡೆಯ ತನ್ನ ಮನೆಯ ಅಟ್ಟದಲ್ಲಿ ಇಡೀ ಒಂದು ಚರ್ಚು ಕಟ್ಟಿಸಿದ. ಹೊರಗಿಂದ ನೋಡಿದರೆ ಬರೀ ಮನೆ. ಭಾನುವಾರ ಅಟ್ಟ ಹತ್ತಬೇಕಾದವರು ವಾರದ ಉಳಿದ ದಿನ ನಗರದ ಮುದ್ರೆ ಹಿಡಿದು ಕ್ಯಾಲ್ವಿನಿಸ್ಟನ ಪಕ್ಕ ಕೂರುತ್ತಿದ್ದರು. ಇದನ್ನು ಡಚ್ಚರ ಸಹಿಷ್ಣುತೆ ಎಂದು ಕೊಂಡಾಡುವವರು ಬಹಳ. ನನಗೆ ವ್ಯಾಪಾರದ ಲೆಕ್ಕ ಅನ್ನಿಸುತ್ತದೆ. ಕಪ್ಪು ಬಟ್ಟೆಯನ್ನು ಬಲ್ಲವನು ಯಾವ ಗುಡಿಗೆ ಹೋದರೇನು?

ಕಪ್ಪನ್ನು ಬಲ್ಲವನು ಅಂದೆ. ಅದು ಸುಲಭದ ವಿದ್ಯೆಯಲ್ಲ. “ಕರೇ ಬಣ್ಣ ನಂಬಬ್ಯಾಡ” ಅನ್ನುವುದು ನಮ್ಮಪ್ಪನ ಹಳೆಯ ಮಾತು. ಹೊಸ ಥಾನು ಬಂದಾಗ ಅವನು ಮಾಡುತ್ತಿದ್ದುದು ಇಷ್ಟು: ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಅಂಚಿನ ಮೇಲೆ ಗಸಗಸ ಉಜ್ಜುವುದು, ಬೆರಳನ್ನು ಬೆಳಕಿಗೆ ಹಿಡಿಯುವುದು, ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆ ಹಿಡಿದು ಕಣ್ಣು ಅರ್ಧ ಮುಚ್ಚುವುದು. ಆ ಕಣ್ಣು ಮುಚ್ಚುವಾಗ ಅಂಗಡಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಸಾಹುಕಾರರೂ.

17ನೇ ಶತಮಾನದ ಒಳ್ಳೆಯ ಕಪ್ಪು ನೀಲಿಯ ಮೇಲೆ ಕೂರುತ್ತಿತ್ತು. ಮೊದಲು ಉಣ್ಣೆಗೆ ಗಾಢ ನೀಲಿ, ಅದರ ಮೇಲೆ ಮಂಜಿಷ್ಠದಂಥ ಕೆಂಪು, ಹೀಗೆ ಪದರ ಪದರ. ನೀಲಿ ತುಟ್ಟಿ. ಅದನ್ನು ತಪ್ಪಿಸಿ, ಮಾಚಿಕಾಯಿಯ ರಸಕ್ಕೆ ಕಬ್ಬಿಣದ ಲವಣ ಸೇರಿಸಿ ಒಂದೇ ಸಲಕ್ಕೆ ಕಪ್ಪು ಮಾಡಬಹುದು. ನೋಡಲು ಅಷ್ಟೇ ಕಪ್ಪು. ಆದರೆ ಕಬ್ಬಿಣ ಎಳೆಯನ್ನು ತಿನ್ನುತ್ತದೆ, ವರ್ಷಗಳು ಹೋದ ಹಾಗೆ ಬಟ್ಟೆ ಕಂದಿ ಪುಡಿಯಾಗುತ್ತದೆ. ಕೊಳ್ಳುವ ದಿನ ಗಿರಾಕಿಗೆ ಗೊತ್ತಾಗದ ಮೋಸ ಇದು. ನೀಲಿ ಕಪ್ಪು ಎರಡನ್ನೂ ಒಂದೇ ಮಂಡಳಿ ನೋಡುತ್ತಿತ್ತು ಅನ್ನುವುದಕ್ಕೆ ಇಲ್ಲೊಂದು ತರ್ಕ ಕಾಣುತ್ತದೆ: ಒಂದರ ಕೆಳಗೆ ಇನ್ನೊಂದಿದೆ.

ಆ ನೀಲಿಯಲ್ಲಿ ಒಂದು ಪಾಲು ನಮ್ಮ ಕಡೆಯದು. ಡಚ್ ಈಸ್ಟ್ ಇಂಡಿಯಾ ಕಂಪನಿ ಗುಜರಾತಿನ ಸರಖೇಜ್‌ನಿಂದ, ಕೋರಮಂಡಲ ಕರಾವಳಿಯಿಂದ ನೀಲಿಯನ್ನು ಹಡಗಿಗೆ ತುಂಬುತ್ತಿತ್ತು. ಸರಖೇಜ್‌ನ ತೊಟ್ಟಿಯಲ್ಲಿ ಕೊಳೆತ ಎಲೆಯ ನೀಲಿ ಈ ಐವರ ಯಾವ ತೋಳಿನ ಕೆಳಗೆ ಅಡಗಿದೆಯೋ. ಹಡಗುಗಳು ಬೇರೆ ಸಾಮಾನೂ ತಂದವು. ರೆಂಬ್ರಾಂಟ್ ಅದೇ ಸುಮಾರಿಗೆ ಮೊಘಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು 20ಕ್ಕೂ ಹೆಚ್ಚು ನಕಲು ತೆಗೆದಿದ್ದಾನೆ; ಜಹಾಂಗೀರ, ಷಾಜಹಾನರು ಅವನ ಕಂದು ಗೆರೆಗಳಲ್ಲಿ ಸಿಗುತ್ತಾರೆ.

ಅಪ್ಪನ ಪ್ರಶ್ನೆಗೆ ಅಲ್ಲೇ ನನಗೊಂದು ಉತ್ತರ ಹೊಳೆದಿತ್ತು. “ಮೈಮ್ಯಾಲೆ ಐತಲ್ಲ,” ಅಂದೆ. ಅವರು ಉಟ್ಟಿದ್ದೇ ಅರಿವಿ. ಕಪ್ಪಿನ ಪರೀಕ್ಷಕರು ಕಪ್ಪುಟ್ಟು ಕೂತಿದ್ದಾರೆ, ಆ ಕಪ್ಪನ್ನು ಒಬ್ಬ ಚಿತ್ರಕಾರ ಬಿಡಿಸಬೇಕು, ಬಿಡಿಸಿದ್ದನ್ನು ಅದೇ ಐದು ಜನ ಪರೀಕ್ಷಿಸಿ ದುಡ್ಡು ಕೊಡಬೇಕು. ಇಂಥ ಗಿರಾಕಿ ಯಾವ ಕಸುಬಿನವನಿಗೂ ಬೇಡ. ಅಪ್ಪ ಮತ್ತೆ ಎದ್ದುಹೋಗಿ ಈ ಸಲ ಬರೀ ತೋಳು ನೋಡಿದ. ವಾನ್ ಲೋನ್‌ನ ಕಪ್ಪು, ಯಾನ್ಸ್‌ನ ಕಪ್ಪು, ಡೆ ನೇವ್‌ನ ಕಪ್ಪು. “ಎಲ್ಲಾ ಒಂದ ಥಾನಿಂದಲ್ಲ,” ಅಂತ ತೀರ್ಪು ಕೊಟ್ಟ.

ಆ ವರ್ಷ ರೆಂಬ್ರಾಂಟನ ಪರಿಸ್ಥಿತಿ ಚೆನ್ನಾಗಿರಲಿಲ್ಲ. 1656ರಲ್ಲಿ ದಿವಾಳಿ, 1658ರಲ್ಲಿ ದೊಡ್ಡ ಮನೆ ಹರಾಜು. ಸಾಲ ಕೊಟ್ಟವರು ಕೈ ಹಾಕದಿರಲೆಂದು ಮಗ ಟೀಟಸ್ ಮತ್ತು ಸಂಗಾತಿ ಹೆಂಡ್ರಿಕ್ಯೆ 1660ರಲ್ಲಿ ಒಂದು ವ್ಯಾಪಾರ ಮಾಡಿಕೊಂಡು, ಅವನನ್ನು ಅದರ ಕೆಲಸಗಾರನ ಲೆಕ್ಕಕ್ಕೆ ಇಟ್ಟುಕೊಂಡಿದ್ದರು. ಹೊಸ ನಗರಸಭಾ ಭವನಕ್ಕೆ ಬರೆದುಕೊಟ್ಟ ಬೃಹತ್ ಚಿತ್ರವೊಂದು ಗೋಡೆಯಿಂದಿಳಿದು ವಾಪಸು ಬಂದದ್ದೂ ಇದೇ 1662ರಲ್ಲಿ. ಅದನ್ನವನು ಕತ್ತರಿಸಿ ಚಿಕ್ಕದು ಮಾಡಿದ, ಉಳಿದ ತುಂಡು ಈಗ ಸ್ಟಾಕ್‌ಹೋಮಿನಲ್ಲಿದೆ. ಸ್ಟಾಲ್‌ಮೇಸ್ಟರ್‌ಗಳಿಗೆಂದು ಮಾಡಿಕೊಂಡ ಕರಡು ಚಿತ್ರಗಳಲ್ಲಿ ಬರ್ಲಿನ್ನಿನದೊಂದು ಲೆಕ್ಕದ ಪುಸ್ತಕದ ಹಾಳೆಯ ಮೇಲಿದೆ. ದಿವಾಳಿಯಾದವನ ಮನೆಯಲ್ಲಿ ಖಾಲಿ ಉಳಿದ ಲೆಕ್ಕದ ಹಾಳೆಗೆ ಬೇರೆ ಏನು ಉಪಯೋಗ ಅಂದುಕೊಂಡಿದ್ದೇನೆ. ಇದು ನನ್ನ ಊಹೆ, ನನ್ನ ತಮಾಷೆ.

ಗಿಲ್ಡ್ ಮುಖಂಡರು ಹೀಗೆ ಒಟ್ಟಾಗಿ ಚಿತ್ರ ಬರೆಸಿಕೊಳ್ಳುವುದು ಆಗಲೇ ಹಳೆಯ ಪದ್ಧತಿ. ಇದೇ ಸ್ಟಾಲ್‌ಮೇಸ್ಟರ್‌ಗಳ 1599ರ ಮಂಡಳಿಯನ್ನು ಆರ್ಟ್ ಪೀಟರ್ಸ್ ಬರೆದಿದ್ದಾನೆ. ಆರು ತಲೆಗಳು, ಅಚ್ಚುಕಟ್ಟು, ಸ್ವಲ್ಪ ಬಿಗಿ. 1627ರಲ್ಲಿ ಥಾಮಸ್ ಡೆ ಕೈಸರ್ ಅಕ್ಕಸಾಲಿಗರ ಗಿಲ್ಡ್‌ನ ನಾಲ್ವರನ್ನು ಬರೆದ. ಅದೀಗ ಅಮೆರಿಕದ ಟೊಲೀಡೊದಲ್ಲಿದೆ. ಅವರಾದರೂ ಕಸುಬಿನ ವಸ್ತುಗಳನ್ನು ಕೈಯಲ್ಲಿ ಹಿಡಿದಿದ್ದಾರೆ, ಅಪ್ಪನಿಗೆ ಸಮಾಧಾನವಾಗುತ್ತಿತ್ತು. 1675ರಲ್ಲಿ ಹಾರ್ಲೆಮ್ ಊರಿನ ಚಿತ್ರಕಾರರ ಗಿಲ್ಡ್‌ನ ಮುಖಂಡರನ್ನು ಬರೆದವನು ಯಾನ್ ಡೆ ಬ್ರಾಯ್. ಅವನೂ ಮುಖಂಡರಲ್ಲಿ ಒಬ್ಬ. ಹಾಗಾಗಿ ತನ್ನನ್ನೂ ಎಡಗಡೆ ನಿಲ್ಲಿಸಿಕೊಂಡ.

ಎಲ್ಲರಿಗೂ ಗೊತ್ತಿರುವುದು 1632ರ ‘ಡಾಕ್ಟರ್ ಟುಲ್ಪ್ ಅವರ ಅಂಗರಚನಾ ಪಾಠ’. ಅದೂ ಗಿಲ್ಡ್ ಚಿತ್ರವೇ, ಶಸ್ತ್ರಚಿಕಿತ್ಸಕರದು. ಆಗ 25-26ರ ಹುಡುಗ ರೆಂಬ್ರಾಂಟ್ ನಡುವೆ ಒಂದು ಹೆಣ ಮಲಗಿಸಿ ಮಿಕ್ಕವರನ್ನು ಅದರ ಸುತ್ತ ಬಗ್ಗಿಸಿದ. ಹೆಣದ ಹೆಸರು ನಮಗೆ ಗೊತ್ತು: ಆರಿಸ್ ಕಿಂಟ್, ಸುಲಿಗೆಗಾಗಿ ಗಲ್ಲಿಗೇರಿದವನು. ಆ ಚಿತ್ರದಲ್ಲಿ ದುಡ್ಡು ಕೊಡದೆ ಜಾಗ ಪಡೆದವನು ಅವನೊಬ್ಬ.

ದುಡ್ಡಿನ ಮಾತು ಮುಖ್ಯ. ಇವು ರಾಜ ಬರೆಸಿದ ಚಿತ್ರಗಳಲ್ಲ, ಚರ್ಚು ಬರೆಸಿದ್ದೂ ಅಲ್ಲ. ಪಟ್ಟಿ ಹಾಕಿ ತಲಾ ಇಷ್ಟು ಅಂತ ಎತ್ತುತ್ತಿದ್ದರು. ‘ರಾತ್ರಿ ಪಹರೆ’ಗೆ ಅದರಲ್ಲಿರುವ ಕಾವಲು ಪಡೆಯವರು ಒಬ್ಬೊಬ್ಬರು ಸರಾಸರಿ 100 ಗಿಲ್ಡರ್ (ಆಗಿನ ಡಚ್ ನಾಣ್ಯ) ಕೊಟ್ಟರೆಂದು ಅವರಲ್ಲೇ ಒಬ್ಬ ಮುಂದೆ ಸಾಕ್ಷಿ ಹೇಳಿದ್ದಾನೆ. ಕೊಟ್ಟ ಮೇಲೆ ನನ್ನ ಮುಖ ಕಾಣಬೇಕು, ಪಕ್ಕದವನ ಟೋಪಿ ಅಡ್ಡ ಬರಬಾರದು. ನೌಕರರ ಸಂಘದ ಬೆಳ್ಳಿಹಬ್ಬದ ಫೋಟೋ ತೆಗೆಸಿದ ಯಾರಿಗಾದರೂ ಈ ಸಂಕಟ ಗೊತ್ತು. ಗಿಲ್ಡ್ ಮುಖಂಡರ ಚಿತ್ರದಲ್ಲಿ ತೊಂದರೆ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಏನೂ ನಡೆಯುವುದಿಲ್ಲ. ಸಿಪಾಯಿಗಳಾದರೆ ಈಟಿ ಎತ್ತುತ್ತಾರೆ, ವೈದ್ಯರಾದರೆ ನರ ಎಳೆದು ತೋರಿಸುತ್ತಾರೆ. ಲೆಕ್ಕಪತ್ರದ ಮುಂದೆ ಕೂತ ಐದು ಜನ ಏನು ಮಾಡಬೇಕು?

ರೆಂಬ್ರಾಂಟ್ ಪಟ್ಟ ಪಾಡು ಎಕ್ಸ್‌-ರೇಯಲ್ಲಿ ಕಾಣುತ್ತದೆ. ಯಾನ್ಸ್ ಮೊದಲು ನೆಟ್ಟಗೆ ನಿಂತಿದ್ದ, ಆಮೇಲೆ ಬಗ್ಗಿಸಿದ. ಎಲ್ಲಕ್ಕಿಂತ ಹೆಚ್ಚು ಅಲೆದಾಡಿದವನು ಜವಾನ ಬೆಲ್. ಅವನನ್ನು ಒಂದು ಕಡೆ ಬರೆದು ಅಳಿಸಿ, ಇನ್ನೊಂದು ಕಡೆ ನಿಲ್ಲಿಸಿ, ಕೊನೆಗೆ ಅಧ್ಯಕ್ಷರ ಬೆನ್ನಿಗೆ ತಂದದ್ದು. ಐವರು ಸಾಹುಕಾರರನ್ನು ತಳ್ಳಾಡುವ ಹಾಗಿಲ್ಲ. ಜವಾನನನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ನಿಂತ ಜಾಗ ಮಾತ್ರ ನೋಡಿ: ಹೆಚ್ಚುಕಡಿಮೆ ನಟ್ಟನಡು. ಟೋಪಿಯ ನೆರಳಿಲ್ಲದ ಬರಿ ಹಣೆಗೆ ಬೆಳಕು ನೇರ ಬೀಳುತ್ತದೆ. ಒಳಗೂ ಟೋಪಿ ತೆಗೆಯದಿರುವುದು ಯಜಮಾನರ ಮರ್ಯಾದೆಯಾಗಿತ್ತು; ಆ ಮರ್ಯಾದೆ ಇಲ್ಲದವನ ಮುಖ ಇಡಿಯಾಗಿ ಉಳಿಯಿತು.

ಇನ್ನು ಆ ನೋಟ. 19ನೇ ಶತಮಾನದಿಂದ ಈ ಚಿತ್ರಕ್ಕೊಂದು ಕಥೆ ಅಂಟಿಕೊಂಡಿತ್ತು: ಇದು ಸಭೆ, ಕೆಳಗೆ ಕೂತ ಸದಸ್ಯರಲ್ಲಿ ಯಾರೋ ಆಕ್ಷೇಪ ಎತ್ತಿದ್ದಾರೆ, ವೇದಿಕೆಯವರು ತಿರುಗಿ ನೋಡಿದ್ದಾರೆ, ಅಧ್ಯಕ್ಷರು ಅಂಗೈ ಬಿಡಿಸಿ ಉತ್ತರ ಹೇಳುತ್ತಿದ್ದಾರೆ. ಕಲಾ ಇತಿಹಾಸಕಾರ ಅಲೋಯಿಸ್ ರೀಗಲ್ 1902ರಲ್ಲಿ ಇದರ ಮೇಲೆಯೇ ಒಂದು ದೊಡ್ಡ ವಾದ ಕಟ್ಟಿದ: ನೋಡುವ ನಾವೂ ಚಿತ್ರದ ಪಾಲುದಾರರು, ನಾವಿಲ್ಲದೆ ಅದು ಪೂರ್ತಿಯಾಗುವುದಿಲ್ಲ. 1956ರಲ್ಲಿ ಹೆನ್ರಿ ವಾನ್ ಡೆ ವಾಲ್ ಈ ಕಥೆಗೆ ನೀರೆರಚಿದ. ಸ್ಟಾಲ್‌ಮೇಸ್ಟರ್‌ಗಳು ಯಾವ ಮಹಾಸಭೆಗೂ ಉತ್ತರ ಕೊಡಬೇಕಾಗಿರಲಿಲ್ಲ, ಅವರ ಎದುರು ಯಾರೂ ಕೂತಿರಲಿಲ್ಲ, ಕೆಳಗಿನಿಂದ ನೋಡಿದ ಹಾಗೆ ಕಾಣುವುದು ಚಿತ್ರವನ್ನು ಗೋಡೆಯಲ್ಲಿ ಎತ್ತರಕ್ಕೆ ತೂಗುಹಾಕಲಿದ್ದುದರಿಂದ, ಅಂದ. ಅವನದೇ ಸರಿ ಇರಬೇಕು. ಒಣ ಸರಿ.

ಇದೆಲ್ಲ ಅಪ್ಪನಿಗೆ ಹೇಳಿದೆ. ಅವನು ಬೆಂಚಿನ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೇಳಿಸಿಕೊಂಡ.

“ಸಭಾನೂ ಇಲ್ಲ, ಏನೂ ಇಲ್ಲ,” ಅಂದ. “ಗಿರಾಕಿ ಬಂದಾನ.”

ಈಗ ಆ ಚಿತ್ರ ನನಗೆ ಬೇರೆ ಥರ ಕಾಣುವುದೇ ಇಲ್ಲ. ಮಧ್ಯಾಹ್ನ ಮೂರು ಗಂಟೆ, ಖಾತೆ ಪುಸ್ತಕ ತೆರೆದು ಏನೋ ತಾಳೆ ನೋಡುತ್ತಿದ್ದಾರೆ, ಬಾಗಿಲಲ್ಲಿ ಚಪ್ಪಲಿ ಸದ್ದು. ಒಬ್ಬ ಏಳಲೋ ಬೇಡವೋ ಎಂದು ಅರ್ಧ ಏಳುತ್ತಾನೆ: ಬಂದವರು ದೊಡ್ಡವರಾದರೆ ಪೂರ್ತಿ ಏಳಬೇಕು, ಬರೀ ನೋಡಿ ಹೋಗುವವರಾದರೆ ಮತ್ತೆ ಕೂರಬಹುದು. ಅಳೆಯುವ ಆ ಒಂದು ಕ್ಷಣ ನಮ್ಮ ಮುಖದ ಮೇಲಿದೆ. ನನ್ನ ಅಂಗಿ ಯಾವ ಬಟ್ಟೆ, ಬಣ್ಣ ನಿಲ್ಲುತ್ತದೋ ಇಲ್ಲವೋ, ಅವರಿಗಾಗಲೇ ಗೊತ್ತಾಗಿರುತ್ತದೆ.

ಆದರೂ ಅಪ್ಪನ ಮೊದಲ ಪ್ರಶ್ನೆ ಹಾಗೇ ಉಳಿಯಿತು. ಮುಂದಿನ ಶನಿವಾರ ಲೈಡನ್‌ಗೆ ಹೋದೆವು. ಅಲ್ಲಿ 1640ರಲ್ಲಿ ಬಟ್ಟೆ ತಪಾಸಣೆಗೆಂದೇ ಕಟ್ಟಿದ ಲಾಕನ್‌ಹಾಲ್ ಈಗ ಮ್ಯೂಸಿಯಂ. ಅಲ್ಲಿ ಐಸಾಕ್ ವಾನ್ ಸ್ವಾನೆನ್‌ಬರ್ಗ್ ಬರೆದ ಹಳೆಯ ಚಿತ್ರಗಳಿವೆ. ಉಣ್ಣೆ ತೊಳೆಯುವವರು, ನೂಲುವವರು, ನೇಯುವವರು, ಬಣ್ಣದ ಹಂಡೆಯ ಮುಂದೆ ತೋಳೇರಿಸಿದವರು, ಬರಿಗಾಲು, ಬೆವರು. ಹೆಂಗಸರಿದ್ದಾರೆ, ಮಕ್ಕಳಿದ್ದಾರೆ. ಒಬ್ಬರದೂ ಹೆಸರಿಲ್ಲ. ಹೆಸರಿರುವವರ ಚಿತ್ರದಲ್ಲಿ ಬಟ್ಟೆ ಇಲ್ಲ, ಬಟ್ಟೆ ಇರುವ ಚಿತ್ರದಲ್ಲಿ ಹೆಸರಿಲ್ಲ. ಅಪ್ಪ ಅಲ್ಲಿ ಒಂದೂವರೆ ತಾಸು ನಿಂತ. ಮೊಣಕಾಲಿನ ಮಾತೇ ಬರಲಿಲ್ಲ.

ಆಮ್‌ಸ್ಟರ್‌ಡಾಮಿನ ಆ ಮೇಜಿನ ಹತ್ತಿರ ಬರಲು ಸಾಧ್ಯವೇ ಇರದವರು ಇನ್ನೂ ಇದ್ದರು. 1632ರ ನಗರಾಜ್ಞೆಯೊಂದು ಯಹೂದಿಗಳನ್ನು ಬಹುತೇಕ ಎಲ್ಲ ಗಿಲ್ಡ್‌ಗಳಿಂದ ಹೊರಗಿಟ್ಟಿತ್ತು. ರೆಂಬ್ರಾಂಟ್ ದೊಡ್ಡ ಮನೆಯಲ್ಲಿದ್ದಾಗ ಅವನ ನೆರೆಹೊರೆಯಲ್ಲಿ ಬಹಳ ಮಂದಿ ಅವರೇ. ಆ ಮನೆಯಿಂದ ಸ್ಟಾಲ್‌ಸ್ಟ್ರಾಟ್‌ಗೆ ನಡೆದರೆ ಐದು ನಿಮಿಷ.

ಗಿಲ್ಡ್‌ಗಳು 1798ರ ಹೊಸ ಸಂವಿಧಾನದೊಂದಿಗೆ ರದ್ದಾದವು. ಗೋಡೆಗಳು ಹೋದ ಮೇಲೆ ಚಿತ್ರಗಳು ಅಲೆದವು. ಟುಲ್ಪ್ ಚಿತ್ರ ಶಸ್ತ್ರಚಿಕಿತ್ಸಕರ ವಿಧವೆಯರ ನಿಧಿಯ ಪಾಲಿಗೆ ಬಂದಿತ್ತು. ದುಡ್ಡಿಲ್ಲದೆ ಅದನ್ನು ಮಾರಲು ಹೊರಟಾಗ 1828ರಲ್ಲಿ ದೊರೆ ಒಂದನೇ ವಿಲೆಮ್ 32,000 ಗಿಲ್ಡರ್‌ಗೆ ಕೊಂಡ. ಸ್ಟಾಲ್‌ಮೇಸ್ಟರ್‌ಗಳು ಅದಕ್ಕೂ ಮೊದಲೇ, 1771ರಲ್ಲಿ, ನಗರಸಭಾ ಭವನಕ್ಕೆ ಹೋಗಿ 1808ರಲ್ಲಿ ಮ್ಯೂಸಿಯಂ ಸೇರಿದ್ದರು. ಚಿತ್ರ ಇವತ್ತಿಗೂ ನಗರದ್ದೇ, ರೈಕ್ಸ್‌ಮ್ಯೂಸಿಯಂಗೆ ಎರವಲು. ಅಮೆರಿಕದಲ್ಲಿ ಈ ಐವರು ಒಂದು ಅಗ್ಗದ ಸಿಗಾರಿನ ಡಬ್ಬಿಯ ಮೇಲೆ ಕೂತಿದ್ದಾರೆ. ಆ ಮಾಲಿಗೆ ಅವರು ಎಷ್ಟು ಮುದ್ರೆ ಒತ್ತುತ್ತಿದ್ದರೋ.

ಅಪ್ಪ ಊರಿಗೆ ಹೊರಡುವ ಹಿಂದಿನ ದಿನ ಸ್ಟಾಲ್‌ಸ್ಟ್ರಾಟ್‌ಗೂ ಹೋಗಿ ಬಂದೆವು. ಚಿಕ್ಕ ಬೀದಿ, ಕಾಫಿ ಅಂಗಡಿಗಳು, ಸೈಕಲ್ಲುಗಳು. ಕಾಲುವೆಗೆ ಅಡ್ಡಲಾದ ಎತ್ತುಸೇತುವೆಗೆ ಸ್ಟಾಲ್‌ಮೇಸ್ಟರ್ಸ್ ಸೇತುವೆ ಅಂತಲೇ ಹೆಸರು. ಪ್ರೇಮಿಗಳು ಅದರ ಕಂಬಿಗೆ ಬೀಗ ಹಾಕಿ ಹೋಗುತ್ತಾರೆ. ಅಪ್ಪ ಒಂದು ಬೀಗ ಎಳೆದು ನೋಡಿ, “ಇದೂ ಶಿಕ್ಕಾನ,” ಅಂದ.

ಮನೆಗೆ ಹೋಗಲು ರೋಕಿನ್ ಮೆಟ್ರೊ ನಿಲ್ದಾಣಕ್ಕೆ ಬಂದೆವು. ಮೆಟ್ರೊಗಾಗಿ ಆಮ್‌ಸ್ಟಲ್ ನದಿಯ ಹಳೆಯ ಪಾತ್ರ ಅಗೆದಾಗ ಸುಮಾರು 7 ಲಕ್ಷ ವಸ್ತುಗಳು ಸಿಕ್ಕವು. ಬಟ್ಟೆಗೆ ಒತ್ತಿದ್ದ ಸೀಸದ ಬಿಲ್ಲೆಗಳೂ ಅದರಲ್ಲಿದ್ದವು. ಬಟ್ಟೆ ಎಂದೋ ಕೊಳೆತು ಹೋಗಿದೆ, ಬಿಲ್ಲೆ ಉಳಿದಿದೆ. ಸಿಕ್ಕ ವಸ್ತುಗಳಲ್ಲಿ ಸಾವಿರಾರನ್ನು ಆ ನಿಲ್ದಾಣದ ಎಸ್ಕಲೇಟರ್‌ಗಳ ನಡುವೆ ಗಾಜಿನೊಳಗೆ ಜೋಡಿಸಿಟ್ಟಿದ್ದಾರೆ: ಚಮಚ, ಬೀಗದಕೈ, ಬೂಟಿನ ಅಟ್ಟೆ, ಹಲ್ಲು, ಗುಂಡಿ.

ಅಪ್ಪ ಗಾಜಿಗೆ ಮುಖ ಹತ್ತಿರ ಹಿಡಿದು ಹುಡುಕತೊಡಗಿದ. ಎಸ್ಕಲೇಟರ್ ನಿಲ್ಲುವುದಿಲ್ಲವಲ್ಲ, ಒಂದು ಸಾಲು ನೋಡುವಷ್ಟರಲ್ಲಿ ಕೆಳಗೆ ತಲುಪಿಸಿಬಿಟ್ಟಿತು. ನನಗೂ ಬಿಲ್ಲೆ ಕಾಣಲಿಲ್ಲ. ರೈಲು ಬಂದು ನಿಂತಿತ್ತು.

“ಅದು ಹೋಗ್ಲಿ,” ಅಂದ ಅಪ್ಪ, ಮೇಲೆ ಹೋಗುವ ಎಸ್ಕಲೇಟರಿನ ಕಡೆ ಆಗಲೇ ತಿರುಗಿದ್ದ. “ಇನ್ನೊಮ್ಮೆ ಹೋಗಿ ಬರೂಣು ನಡಿ.”